ಕೈಯಲ್ಲಿ ಎಸೆಯುವ ಗ್ಲೈಡರ್, ಕಣದ ಗಾಳಿ

ಹ್ಯಾಂಡ್ ಲಾಂಚ್ ಗ್ಲೈಡರಿಗೆ ಮೋಟಾರ್ ಇರುವುದಿಲ್ಲ. ತೋಳಿನ ಬಲದಿಂದ ಎಷ್ಟು ಮೇಲಕ್ಕೆ ಹೋಯಿತೋ ಅಷ್ಟೇ ಅದರ ಬಂಡವಾಳ. ಆಮೇಲೆ ಒಂದೇ ಸಮನೆ ಇಳಿಯುತ್ತಾ ಬರುತ್ತದೆ. ಕೈಲಿರುವ ರಿಮೋಟಿನಿಂದ ಎಡಕ್ಕೆ, ಬಲಕ್ಕೆ ತಿರುಗಿಸಬಹುದು, ಮೂತಿ ಎತ್ತಬಹುದು, ತಗ್ಗಿಸಬಹುದು. ಏರಿಸಲು ಮಾತ್ರ ಬರುವುದಿಲ್ಲ. ಏರಬೇಕಾದರೆ ಏರುತ್ತಿರುವ ಗಾಳಿಯನ್ನು ಹುಡುಕಿ ಅದರೊಳಗೆ ಹೋಗಿ ಕೂರಬೇಕು. ನನಗೆ ಈ ಹವ್ಯಾಸ ಹಿಡಿಸಿದ್ದೇ ಈ ಕಾರಣಕ್ಕೆ. ಮೈಸೂರಿನ ಮನೆಯ ಮಹಡಿಯಲ್ಲಿ, ಶೀಟ್ ಹಾಕಿದ ಪುಟ್ಟ ಕೋಣೆಯಲ್ಲಿ ಕೂತು ಕಟ್ಟಿದ್ದು. ಹಾರಿಸಿದ್ದು ಪಾಂಡವಪುರದ ಕಡೆ ಚಿಕ್ಕಪ್ಪನ ಗದ್ದೆ ಬಯಲಿನಲ್ಲಿ. ಕಟ್ಟುವವರಿಗೆ ಉಪಯೋಗವಾಗಲಿ ಎಂದು ಅಳತೆ, ತೂಕ ಎಲ್ಲವನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಎಸೆಯುವುದರಲ್ಲಿ ಎರಡು ಬಗೆ. ಭರ್ಜಿ ಎಸೆತದಂತೆ ಭುಜದ ಮೇಲಿಂದ ಎಸೆಯುವುದು ಹಳೆಯದು. ಇನ್ನೊಂದು ಡಿಸ್ಕಸ್ ಎಸೆತ: ರೆಕ್ಕೆಯ ತುದಿಯಲ್ಲಿ ಕೂರಿಸಿದ ಗೂಟವನ್ನು ಎರಡು ಬೆರಳಲ್ಲಿ ಹಿಡಿದು, ಮೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಬಿಡುವುದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇದಕ್ಕೆ ಎಫ್3ಕೆ ಎನ್ನುವ ಪ್ರತ್ಯೇಕ ವಿಭಾಗವಿದೆ. ರೆಕ್ಕೆಯ ಅಗಲ ತುದಿಯಿಂದ ತುದಿಗೆ 1500 ಮಿಲಿಮೀಟರ್, ತೂಕ 600 ಗ್ರಾಂ ಮೀರಬಾರದು. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 2011ರಲ್ಲಿ, ಸ್ವೀಡನ್ನಿನಲ್ಲಿ. ನಾನು ಆರಿಸಿಕೊಂಡದ್ದು ಒಂದು ಮೀಟರ್. ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋಗಬಹುದು, ರಿಮೋಟ್ ಹೇಳಿದಂತೆ ಬಾಲದ ಪಟ್ಟಿಗಳನ್ನು ಆಡಿಸುವ ಸರ್ವೋ ಎಂಬ ಪುಟ್ಟ ಯಂತ್ರಗಳು ಎರಡಿದ್ದರೆ ಕೆಲಸ ಮುಗಿಯುತ್ತದೆ, ಎಸೆದಾಗ ರೆಕ್ಕೆಯ ಮೇಲೆ ಬೀಳುವ ಎಳೆತವೂ ಮನೆಯಲ್ಲಿ ಕಟ್ಟಿದ ರೆಕ್ಕೆ ತಡೆದುಕೊಳ್ಳುವಷ್ಟೇ.

ಆ ಎಳೆತವೂ ಸಣ್ಣದಲ್ಲ. ಬಿಡುವ ಹೊತ್ತಿಗೆ ಗ್ಲೈಡರ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ನಮ್ಮ ಮೈಯಿಂದ ಸುಮಾರು 1.3 ಮೀಟರ್ ದೂರದಲ್ಲಿ ಸುತ್ತುತ್ತಿರುತ್ತದೆ ಎಂದುಕೊಳ್ಳಿ. ಆಗ ಅದು ತನ್ನ ತೂಕದ ಮೂವತ್ತು ಪಟ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. 163 ಗ್ರಾಂ ತೂಕದ ವಸ್ತು ಬೆರಳ ತುದಿಯಲ್ಲಿ ಐದು ಕಿಲೋ ಜಗ್ಗುತ್ತದೆ. ಆ ಐದು ಕಿಲೋ ಪೂರ್ತಿ ಹೊರುವುದು ಗೂಟದ ಸುತ್ತಲಿನ ಎರಡಂಗುಲ ಜಾಗ. ಹಾಗಾಗಿ ರೆಕ್ಕೆಯ ಉಳಿದೆಲ್ಲ ಕಡೆ ಗ್ರಾಂ ಲೆಕ್ಕದಲ್ಲಿ ಜಿಪುಣತನ ಮಾಡಿದರೂ ಅಲ್ಲಿ ಮಾತ್ರ ಕಾರ್ಬನ್ ಎಳೆಯನ್ನು ಮೇಲೂ ಕೆಳಗೂ ಧಾರಾಳವಾಗಿ ಹರಡಿ ಅಂಟಿಸಿದೆ. ಬಲಗೈಯವರಿಗೆ ಗೂಟ ಎಡ ರೆಕ್ಕೆಯಲ್ಲಿ ಬರುತ್ತದೆ. ಎಡಗೈಯವರಿಗೆ ಬಲ ರೆಕ್ಕೆಯಲ್ಲಿ.

ಕಟ್ಟಲು ಕೂರುವ ಮೊದಲು ಒಂದು ಲೆಕ್ಕವನ್ನು ಗೋಡೆಯ ಮೇಲೆ ಬರೆದು ಅಂಟಿಸಿಕೊಂಡಿದ್ದೆ. ಗ್ಲೈಡರಿನ ತೂಕದ ಕೇಂದ್ರದಿಂದ ಬಾಲ ಸುಮಾರು 480 ಮಿಲಿಮೀಟರ್ ಹಿಂದೆ. ಮೂತಿಯಲ್ಲಿ ಸೀಸ ಇಡುವ ಜಾಗ ಸುಮಾರು 190 ಮಿಲಿಮೀಟರ್ ಮುಂದೆ. ಅಂದರೆ ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಅದನ್ನು ಸರಿದೂಗಿಸಲು ಮೂತಿಯಲ್ಲಿ ಎರಡೂವರೆ ಗ್ರಾಂ ಸೀಸ. ಒಟ್ಟು ಮೂರೂವರೆ ಗ್ರಾಂ ದಂಡ. ಬಾಲಕ್ಕೆ ಎರಡು ಕೋಟು ಬಣ್ಣ ಬಳಿದರೆ ವಿಮಾನದ ತೂಕ ಎಲ್ಲಿಗೆ ಹೋಗುತ್ತದೆ ಎಂದು ಇದರಿಂದಲೇ ಗೊತ್ತಾಗುತ್ತದೆ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಈ ಕೆಲಸದಲ್ಲಿ ಕತ್ತರಿ, ಬ್ಲೇಡಿನಷ್ಟೇ ಮುಖ್ಯ. ಅಂಟಿನ ಒಂದೊಂದು ತೊಟ್ಟನ್ನೂ ನಾನು ತೂಗಿ ಹಾಕಿದ್ದೇನೆ.

ಬಹುಪಾಲು ಹೊತ್ತು ಹೋದದ್ದು ರೆಕ್ಕೆಗೆ. ಹೋಗಲೇಬೇಕು ಕೂಡ. ಇಷ್ಟು ಚಿಕ್ಕ ರೆಕ್ಕೆ, ಇಷ್ಟು ನಿಧಾನ ವೇಗ ಇರುವಾಗ ಗಾಳಿ ದೊಡ್ಡ ವಿಮಾನದ ಮೇಲೆ ನಡೆದುಕೊಂಡ ಹಾಗೆ ಇಲ್ಲಿ ನಡೆದುಕೊಳ್ಳುವುದಿಲ್ಲ. ರೆಕ್ಕೆಯ ಗಾತ್ರ, ವೇಗಗಳಿಂದ ಲೆಕ್ಕ ಹಾಕುವ ರೆನಾಲ್ಡ್ಸ್ ಸಂಖ್ಯೆ ಎಂಬ ಅಳತೆ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಕೋಟಿಗಳಲ್ಲಿದ್ದರೆ ನನ್ನ ಗ್ಲೈಡರಿಗೆ ಸುಮಾರು ಐವತ್ತು ಸಾವಿರ. ಇಷ್ಟು ಕಡಿಮೆ ಇದ್ದಾಗ ದಪ್ಪ ರೆಕ್ಕೆಯ ಬೆನ್ನಿನ ಮೇಲೆ ಹರಿಯುವ ಗಾಳಿ ಅರ್ಧದಲ್ಲೇ ಬಿಟ್ಟುಕೊಂಡು ಹೋಗುತ್ತದೆ, ವಿಮಾನವನ್ನು ಹಿಂದಕ್ಕೆಳೆಯುವ ತಡೆ ಹೆಚ್ಚುತ್ತದೆ. ರೆಕ್ಕೆ ತೆಳ್ಳಗಿರಬೇಕು: ಮುಂದಂಚಿನಿಂದ ಹಿಂದಂಚಿನವರೆಗಿನ ಅಗಲದ ಶೇಕಡ 6ರಿಂದ 7ರಷ್ಟು ದಪ್ಪ. ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಮಾರ್ಕ್ ಡ್ರೆಲಾ ಇಂಥ ಗ್ಲೈಡರುಗಳಿಗೆಂದೇ ಎಜಿ ಎಂಬ ಸರಣಿಯ ರೆಕ್ಕೆ ಆಕಾರಗಳನ್ನು ಲೆಕ್ಕ ಹಾಕಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. 1988ರ ಏಪ್ರಿಲಿನಲ್ಲಿ ಗ್ರೀಸಿನ ಕ್ರೀಟ್ ದ್ವೀಪದಿಂದ ಸ್ಯಾಂಟೊರಿನಿವರೆಗೆ ಒಬ್ಬ ಮನುಷ್ಯ ಪೆಡಲ್ ತುಳಿದುಕೊಂಡು 115 ಕಿಲೋಮೀಟರ್ ಹಾರಿದ ಡೆಡಾಲಸ್ ವಿಮಾನದ ವಿನ್ಯಾಸದಲ್ಲೂ ಅವರಿದ್ದರು. ಅಂಥವರು ಕೈಯಲ್ಲಿ ಎಸೆಯುವ ಆಟದ ವಿಮಾನಕ್ಕೆ ಇಷ್ಟು ತಲೆ ಕೆಡಿಸಿಕೊಂಡಿದ್ದಾರೆ ಎಂಬುದೇ ನನಗೆ ದೊಡ್ಡ ಧೈರ್ಯ. ಅವರ ಆಕಾರವನ್ನು ಪ್ರಿಂಟ್ ತೆಗೆದು ಬುಡಕ್ಕೆ 160, ತುದಿಗೆ 120 ಮಿಲಿಮೀಟರ್ ಅಗಲಕ್ಕೆ ಹೊಂದಿಸಿಕೊಂಡೆ.

ರೆಕ್ಕೆಯ ತಿರುಳಿಗೆ ನಾವು ಟಿವಿ ಡಬ್ಬಿಯಲ್ಲಿ ನೋಡುವ ಬಿಳಿ ಥರ್ಮೋಕೋಲ್ ಆಗುವುದಿಲ್ಲ. ಅದರ ಮಣಿಗಳು ಕಿತ್ತು ಬರುತ್ತವೆ. ಛಾವಣಿಯ ಶಾಖ ತಡೆಯಲು ಹಾಸುವ ಎಕ್ಸ್‌ಪಿಎಸ್ ಹಲಗೆ ಬೇಕು. ಅದರ ಮೈ ಒಂದೇ ಹದ, ಕತ್ತರಿಸಿದರೆ ನುಣ್ಣಗೆ ಬರುತ್ತದೆ. ಹಲಗೆಯ ಎರಡೂ ಕೊನೆಗೆ ರೆಕ್ಕೆಯ ಆಕಾರದ ಅಚ್ಚು ಕೂರಿಸಿ, ಅದರ ಅಂಚಿನ ಮೇಲೆ ಕಾದ ತಂತಿ ಎಳೆದು ಕತ್ತರಿಸುವುದು. ಅಚ್ಚಿಗೆ ಬಡಗಿಯೊಬ್ಬರ ಬಳಿ ಉಳಿದಿದ್ದ ಸನ್‌ಮೈಕ ತುಂಡು ತಂದೆ. ಕಾದ ತಂತಿ ತಾಗಿದರೂ ಸುಡುವುದಿಲ್ಲ, ಅಂಚನ್ನು ನೀರಿನ ಉಜ್ಜುಕಾಗದದಲ್ಲಿ ಉಜ್ಜಿದರೆ ತಂತಿ ಜಾರಿಕೊಂಡು ಹೋಗುತ್ತದೆ. ಅಚ್ಚಿನ ಅಂಚಿನ ಒಂದು ಸಣ್ಣ ತಗ್ಗು ಕೂಡ ರೆಕ್ಕೆಯ ಉದ್ದಕ್ಕೂ ಗೆರೆಯಾಗಿ ಮೂಡುತ್ತದೆ, ಆದ್ದರಿಂದ ಈ ಉಜ್ಜುವ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರೂ ನಷ್ಟವಿಲ್ಲ.

ಕತ್ತರಿಸುವ ಬಿಲ್ಲನ್ನು ಬಿದಿರಿನಲ್ಲಿ ಮಾಡಿದೆ. ನೈಕ್ರೋಮ್ ತಂತಿ ಕಾದಾಗ ಉದ್ದವಾಗಿ ಜೋತು ಬೀಳುತ್ತದೆ. ಗಟ್ಟಿ ಚೌಕಟ್ಟಿನಲ್ಲಿ ಕಟ್ಟಿದರೆ ರೆಕ್ಕೆಯ ನಡುವೆ ಹೊಟ್ಟೆ ಬರುತ್ತದೆ. ಬಾಗಿಸಿ ಕಟ್ಟಿದ ಬಿದಿರಿನ ದಬ್ಬೆ ತಾನೇ ಹಿಗ್ಗಿ ತಂತಿಯನ್ನು ಬಿಗಿಯಾಗಿ ಇಡುತ್ತದೆ. ಕರೆಂಟು ಗೋಡೆಯ ಪ್ಲಗ್ಗಿನಿಂದ ನೇರ ಬರಬಾರದು. ಫ್ಯಾನ್ ರೆಗ್ಯುಲೇಟರ್ ಹಾಕಿ 230 ವೋಲ್ಟನ್ನೇ ತಂತಿಗೆ ಕೊಡುವವರಿದ್ದಾರೆ; ಬರೀ ತಂತಿ ಕೈಯ ಪಕ್ಕದಲ್ಲೇ ಓಡಾಡುವ ಕೆಲಸ ಇದು, ಜೀವಕ್ಕೇ ಅಪಾಯ. 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಮೂಲಕವೇ ಕೊಡಬೇಕು. ಕಿಟಕಿ ಬಾಗಿಲು ತೆರೆದಿಡಬೇಕು, ಫೋಮ್ ಕರಗುವ ಹೊಗೆ ಒಳ್ಳೆಯದಲ್ಲ. ಶಾಖದ ಹದ ಕಣ್ಣಿಗೇ ಕಾಣುತ್ತದೆ: ತಂತಿಯ ಹಿಂದೆ ಕೂದಲಿಗಿಂತ ಸಣ್ಣ ಎಳೆಗಳು ಏಳುತ್ತಿದ್ದರೆ ಸರಿ. ಎಳೆ ಏಳದೆ ಕಾಲುವೆ ಬೀಳುತ್ತಿದ್ದರೆ ಹೆಚ್ಚಾಯಿತು.

ಇದು ಇಬ್ಬರ ಕೆಲಸ. ಬುಡದ ಅಚ್ಚು 160, ತುದಿಯದು 120. ಇಬ್ಬರೂ ಒಂದೇ ವೇಗದಲ್ಲಿ ಎಳೆದರೆ ತುದಿ ಮೊದಲೇ ಮುಗಿದುಹೋಗುತ್ತದೆ, ತಂತಿ ನಿಂತ ಕಡೆ ಫೋಮ್ ಹೆಚ್ಚು ಕರಗುತ್ತದೆ. ಅದಕ್ಕೆ ಎರಡೂ ಅಚ್ಚುಗಳನ್ನು ಹತ್ತು ಸಮಭಾಗ ಮಾಡಿ ನಂಬರ್ ಬರೆದುಕೊಳ್ಳಬೇಕು. ಪಿಯುಸಿ ಓದುವ ಅಕ್ಕನ ಮಗಳು ತುದಿಯ ಕಡೆ ನಿಂತಳು. ಅವಳು ಒಂದು, ಎರಡು ಎಂದು ಕೂಗುವುದು, ಅವಳು ಕೂಗಿದ ಹೊತ್ತಿಗೆ ನನ್ನ ಕಡೆಯ ತಂತಿಯೂ ಅದೇ ನಂಬರಿನ ಮೇಲಿರುವುದು. "ಮಾವ, ಆರಕ್ಕೇ ಏಳಕ್ಕೆ ಬಂದುಬಿಟ್ರಿ, ಸ್ವಲ್ಪ ತಡೀರಿ" ಎಂದು ನನ್ನನ್ನೇ ನಿಲ್ಲಿಸುತ್ತಿದ್ದಳು. ಅವಳ ಕೈ ನನ್ನ ಕೈಗಿಂತ ಸ್ಥಿರ. ಎರಡನೇ ಬದಿಯ ಹೊತ್ತಿಗೆ ಬುಡದ ಕಡೆಗೆ ಅವಳೇ ಬಂದು ನಿಂತಳು, ನಾನು ತುದಿಗೆ ಹೋದೆ. ಒಂದೊಂದು ಬದಿಯ ತಿರುಳು ಸುಮಾರು 13 ಗ್ರಾಂ ಬಂತು.

ಬರೀ ಫೋಮ್ ರೆಕ್ಕೆಯನ್ನು ಡಿಸ್ಕಸ್ ಎಸೆತಕ್ಕೆ ಹಿಡಿದರೆ ಮೊದಲ ಸುತ್ತಿನಲ್ಲೇ ತಿರುಚಿಕೊಳ್ಳುತ್ತದೆ. ಅದರ ಮೇಲೆ ಚದರ ಮೀಟರಿಗೆ 25 ಗ್ರಾಂ ತೂಗುವ ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಅಂಟಿಸಬೇಕು. ನೀರಿನ ಟ್ಯಾಂಕ್ ರಿಪೇರಿಗೆ ಸಿಗುವ ಫೈಬರ್ ಮ್ಯಾಟ್ ಇದಕ್ಕೆ ಬಾರದು, ಅದು ಹತ್ತು ಪಟ್ಟಿಗೂ ಹೆಚ್ಚು ಭಾರ. ತೆಳು ಬಟ್ಟೆಯನ್ನು ಕೊರಿಯರ್‌ನಲ್ಲೇ ತರಿಸಬೇಕಾಯಿತು. ಬಟ್ಟೆಯ ನೂಲು ರೆಕ್ಕೆಗೆ 45 ಡಿಗ್ರಿ ಓರೆಯಾಗಿ ಬರುವಂತೆ ಹಾಸಿದರೆ ತಿರುಚುವಿಕೆಯನ್ನು ತಡೆಯುತ್ತದೆ. ಬಾಗುವಿಕೆಯನ್ನು ತಡೆಯಲು ರೆಕ್ಕೆ ಅತಿ ದಪ್ಪವಿರುವ ಕಡೆ ಮೇಲೊಂದು ಕೆಳಗೊಂದು ಕಾರ್ಬನ್ ಪಟ್ಟಿ. ಈ ಎರಡು ಕೆಲಸವನ್ನು ಬೇರೆ ಬೇರೆ ವಸ್ತು ಹೊರುತ್ತದೆ ಎಂದು ಅರ್ಥವಾದ ಮೇಲೆ ಎಲ್ಲಿ ಏನು ಹಾಕಬೇಕು ಎಂಬ ಗೊಂದಲವೇ ಉಳಿಯಲಿಲ್ಲ.

ಅಂಟು ಒಣಗುವವರೆಗೆ ಬಟ್ಟೆಯನ್ನು ರೆಕ್ಕೆಗೆ ಎಲ್ಲ ಕಡೆಯೂ ಸಮನಾಗಿ ಒತ್ತಿ ಹಿಡಿಯುವುದು ಗಾಳಿಯೇ. ರೆಕ್ಕೆಯನ್ನು ನುಣುಪಾದ ಮೈಲಾರ್ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿ, ಚೀಲದ ಗಾಳಿ ಎಳೆದುಬಿಟ್ಟರೆ ಹೊರಗಿನ ವಾತಾವರಣ ಅದನ್ನು ಅದುಮುತ್ತದೆ. ಗಾಳಿ ಎಳೆಯಲು ಗುಜರಿಯಿಂದ ತಂದ ಹಳೇ ಫ್ರಿಜ್ಜಿನ ಕಂಪ್ರೆಸರ್ ಸಾಕು. ಅದರ ಎಳೆಯುವ ಬಾಯಿಗೆ ಪೈಪ್ ಸಿಕ್ಕಿಸಿದರೆ ಆಯಿತು. ಪೂರ್ತಿ ನಿರ್ವಾತ ಬೇಕಿಲ್ಲ, ಫೋಮ್ ಚಪ್ಪಟೆಯಾಗುತ್ತದೆ. ಮೂರನೇ ಒಂದು ಭಾಗ ಎಳೆದರೂ ಅರ್ಧ ಮೀಟರಿನ ಒಂದು ಬದಿಯ ರೆಕ್ಕೆಯ ಮೇಲೆ ಇನ್ನೂರು ಕಿಲೋ ದಾಟಿದ ಭಾರ ಬೀಳುತ್ತದೆ, ಅದೂ ಎಲ್ಲೂ ಹೆಚ್ಚುಕಡಿಮೆ ಇಲ್ಲದೆ. ಬೇಸಿಗೆಯ ಮಧ್ಯಾಹ್ನ ಶೀಟಿನ ಕೆಳಗೆ ಎಪಾಕ್ಸಿ ಕಲಸಿದರೆ ಬಟ್ಟೆ ಹಾಸುವುದರೊಳಗೆ ಬಿಸಿಯೇರಿ ಗಟ್ಟಿಯಾಗುತ್ತದೆ ಎಂದು ಬೆಳಗಿನ ಜಾವವೇ ಎದ್ದು ಕೂತೆವು. ಬಟ್ಟೆ ನೆನೆದ ಮೇಲೆ ಟಿಶ್ಯೂ ಕಾಗದ ಒತ್ತಿ ಹೆಚ್ಚಾದ ಅಂಟನ್ನು ಹೀರಿ ತೆಗೆಯಬೇಕು. ಬಟ್ಟೆ ಹೊಳೆಯಬಾರದು, ಮಬ್ಬಾಗಿ ಕಾಣಬೇಕು. ಮಾರನೇ ದಿನ ಚೀಲ ಬಿಚ್ಚಿ ಮೈಲಾರ್ ಸುಲಿದಾಗ ಕೈಗೆ ಬಂದ ರೆಕ್ಕೆ ಗಾಜಿನಷ್ಟು ನುಣುಪು. ಎರಡೂ ತುದಿ ಹಿಡಿದು ತಿರುಚಲು ನೋಡಿದರೆ ಮಣಿಯಲಿಲ್ಲ. ಎರಡು ಬದಿಯನ್ನು ಜೋಡಿಸಿ, ತುದಿಗಳು ಮಧ್ಯಕ್ಕಿಂತ 50 ಮಿಲಿಮೀಟರ್ ಮೇಲಿರುವಂತೆ ಕೋನ ಕೊಟ್ಟ ಮೇಲೆ ಒಟ್ಟು ತೂಕ 58 ಗ್ರಾಂ.

ಆ ಕೋನ ಅಂದಕ್ಕಲ್ಲ. ನನ್ನ ಗ್ಲೈಡರಿನ ರೆಕ್ಕೆಯಲ್ಲಿ ತಿರುಗಿಸುವ ಪಟ್ಟಿಗಳಿಲ್ಲ, ಎಡಬಲಕ್ಕೆ ತಿರುಗಲು ಬಾಲದ ಚುಕ್ಕಾಣಿ ಒಂದೇ. ಚುಕ್ಕಾಣಿ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಕೋನವಿರುವುದರಿಂದ ಮುಂದಾದ ರೆಕ್ಕೆಗೆ ಗಾಳಿ ಹೆಚ್ಚು ತಾಗಿ ಅದು ಏಳುತ್ತದೆ, ವಿಮಾನ ವಾಲಿ ತಿರುಗುತ್ತದೆ. ಮೊದಲ ಗ್ಲೈಡರಿಗೆ ಇದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ರಿಮೋಟಿನಿಂದ ಕೈ ತೆಗೆದರೂ ತಾನೇ ನೆಟ್ಟಗಾಗುವ ವಿಮಾನ ಗಾಳಿ ಏನು ಮಾಡುತ್ತಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಬಾಲದ ದಂಡಕ್ಕೆ ಮೀನು ಹಿಡಿಯುವ ಕಾರ್ಬನ್ ಗಾಳದ ಕೋಲಿನ ತುಂಡನ್ನು ಬಳಸಿದೆ. ಬುಡದಲ್ಲಿ ದಪ್ಪ, ಹೋಗ್ತಾ ಹೋಗ್ತಾ ಸಣ್ಣ. ನಮಗೆ ಬೇಕಾದದ್ದೂ ಅದೇ. ಬಾಲದ ಎರಡು ರೆಕ್ಕೆಗಳು 1.5 ಮಿಲಿಮೀಟರಿನ ಮೆದು ಬಾಲ್ಸಾ ಹಲಗೆಯಲ್ಲಿ. ಬಾಲ್ಸಾ ಬಹುಮಟ್ಟಿಗೆ ಈಕ್ವಡಾರಿನಿಂದ ಬರುವ ಮರ. ಒಂದೇ ಅಳತೆಯ ಎರಡು ಹಲಗೆಯಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ಅಂಗಡಿಗೆ ತಕ್ಕಡಿ ತೆಗೆದುಕೊಂಡು ಹೋಗಿ ಆರಿಸಿದೆ. ಎರಡೂ ಸೇರಿ 7 ಗ್ರಾಂ. ನಿಂತ ಬಾಲವನ್ನು ದಂಡದ ಮೇಲೂ ಕೆಳಗೂ ಹಂಚಿದ್ದೇನೆ. ಪೂರ್ತಿ ಮೇಲಿದ್ದರೆ ಎಸೆದ ಕ್ಷಣದಲ್ಲಿ ಪಕ್ಕದಿಂದ ಬೀಳುವ ಗಾಳಿ ದಂಡವನ್ನೇ ತಿರುಚುತ್ತದೆ.

ಸರ್ವೋದಿಂದ ಬಾಲದವರೆಗೆ ಉಕ್ಕಿನ ಕಡ್ಡಿ ಎಳೆದರೆ ತೂಕ ಹೆಚ್ಚು. ಅದರ ಬದಲು ಒಂದು ದಾರ ಎಳೆಯುತ್ತದೆ, ಒಂದು ಸ್ಪ್ರಿಂಗ್ ವಾಪಸ್ ತರುತ್ತದೆ. ದಾರ ಹಿಗ್ಗಬಾರದು, ತೇವಕ್ಕೆ ಸಡಿಲವಾಗಬಾರದು. ಗಾಳದ ಅಂಗಡಿಯ ಹೆಣೆದ ದಾರವೇ ಸರಿಹೋಯಿತು. ಸ್ಪ್ರಿಂಗಿಗೆ ತೆಳು ಉಕ್ಕಿನ ತಂತಿ ಬೇಕಿತ್ತು. ಮೈಸೂರಿನಲ್ಲಿ ವೀಣೆಯ ತಂತಿಗೇನು ಬರ! ವೀಣೆಯ ಸಾರಣಿ ತಂತಿ ಒಳ್ಳೆಯ ಸ್ಪ್ರಿಂಗ್ ಉಕ್ಕು. ಎಷ್ಟು ಬಗ್ಗಿಸಿದರೂ ಮೊದಲಿನಂತಾಗುತ್ತದೆ. ಅದನ್ನು ಪುಟ್ಟ ಯು ಆಕಾರಕ್ಕೆ ಬಗ್ಗಿಸಿ ಒಂದು ಕಾಲನ್ನು ಬಾಲಕ್ಕೆ, ಇನ್ನೊಂದನ್ನು ಚುಕ್ಕಾಣಿಗೆ ಚುಚ್ಚಿದೆ. ಇದರಲ್ಲಿ ಇನ್ನೊಂದು ಲಾಭವಿದೆ. ಅಗ್ಗದ ಸರ್ವೋಗಳ ಪ್ಲಾಸ್ಟಿಕ್ ಗೇರಿನಲ್ಲಿ ಸ್ವಲ್ಪ ಅಲ್ಲಾಟ ಇದ್ದೇ ಇರುತ್ತದೆ. ಸ್ಪ್ರಿಂಗ್ ಸದಾ ಒಂದೇ ಕಡೆ ಎಳೆದು ಹಿಡಿಯುವುದರಿಂದ ಆ ಅಲ್ಲಾಟ ಬಾಲದವರೆಗೆ ತಲುಪುವುದಿಲ್ಲ.

ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 2.4 ಗಿಗಾಹರ್ಟ್ಸಿನ ಸಾಮಾನ್ಯ ಆರು ಚಾನೆಲ್ ರಿಮೋಟ್, ಅದರ ರಿಸೀವರ್, ಒಂದು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ, ಅದರ 3.7 ವೋಲ್ಟನ್ನು 5ಕ್ಕೆ ಏರಿಸುವ ಉಗುರಿನಗಲದ ಬೋರ್ಡ್. ಸರ್ವೋ ಮಾತ್ರ ಬೇಕೆಂದೇ 9 ಗ್ರಾಮಿನ ಸಾಮಾನ್ಯದ್ದು. ಹೇಗೂ ಮೂತಿಯಲ್ಲಿ ತೂಕ ಬೇಕು. ಸುಮ್ಮನೆ ಕೂರುವ ಸೀಸಕ್ಕಿಂತ ದುಡಿಯುವ ಸರ್ವೋ ಅಲ್ಲಿ ಕೂರಲಿ. ಮೂತಿಯ ತುದಿಗೆ ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರದ ತುಂಡನ್ನು ದುಂಡಗೆ ಕೊರೆದು ಕೂರಿಸಿದೆ. ಸ್ಪರ್ಧೆಯ ನಿಯಮದಲ್ಲೂ ಮೂತಿಯ ದುಂಡಿಗೆ ಕನಿಷ್ಠ 5 ಮಿಲಿಮೀಟರ್ ತ್ರಿಜ್ಯ ಇರಲೇಬೇಕು, ಯಾರ ಮೈಗಾದರೂ ತಾಗಿದರೆ ಚುಚ್ಚಬಾರದೆಂದು. ಎಲ್ಲ ಸೇರಿ 163 ಗ್ರಾಂ. ರೆಕ್ಕೆಯ ವಿಸ್ತೀರ್ಣ 14 ಚದರ ಡೆಸಿಮೀಟರ್, ಅಂದರೆ ಚದರ ಡೆಸಿಮೀಟರಿಗೆ 12 ಗ್ರಾಮಿಗೂ ಕಡಿಮೆ. ಗದ್ದೆಬಯಲು ಸಮುದ್ರಮಟ್ಟಕ್ಕಿಂತ ಏಳುನೂರು ಮೀಟರಿನ ಆಸುಪಾಸು ಎತ್ತರದಲ್ಲಿದೆ, ಗಾಳಿ ಕರಾವಳಿಗಿಂತ ತೆಳು. ಅದಕ್ಕೂ ಹಗುರವಾಗಿದ್ದರೆ ಒಳ್ಳೆಯದೇ.

ಮೈಸೂರಿನಲ್ಲಿ ಹಾರಿಸಲು ಮನಸ್ಸಾಗಲಿಲ್ಲ. ಮೈದಾನಗಳಲ್ಲಿ ಕ್ರಿಕೆಟ್ ಆಡುವ ಹುಡುಗರು, ವಾಕಿಂಗ್ ಬರುವ ಹಿರಿಯರು. ದಕ್ಷಿಣಕ್ಕೆ ಮಂಡಕಳ್ಳಿ ವಿಮಾನ ನಿಲ್ದಾಣ. 2021ರ ಡ್ರೋನ್ ನಿಯಮಗಳ ಪ್ರಕಾರ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು ಬಣ್ಣವಿರುವ ಕಡೆ 120 ಮೀಟರ್ ಎತ್ತರದವರೆಗೆ ಅವಕಾಶ. ಚಿಕ್ಕಪ್ಪನ ಗದ್ದೆ ಇರುವ ಜಾಗವನ್ನು ನಕ್ಷೆಯಲ್ಲಿ ನೋಡಿಕೊಂಡೇ ಹೊರಟೆ. ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಬಯಲು ಅದು. ಭತ್ತ ಕುಯ್ದಾಗಿತ್ತು, ಕೂಳೆ ಮಾತ್ರ ಉಳಿದಿತ್ತು. ಹೊಸ ಗ್ಲೈಡರ್ ಇಳಿಯಲು ಅದಕ್ಕಿಂತ ಮೆತ್ತನೆಯ ಜಾಗ ಬೇರೆ ಸಿಗದು.

ಬೆಳಗ್ಗೆ ಗಾಳಿ ಅಲ್ಲಾಡದ ಹೊತ್ತಿನಲ್ಲಿ ಮೊದಲು ಬರೀ ಕೈಯಿಂದ ಮೆಲ್ಲಗೆ ತಳ್ಳಿ ನೋಡಬೇಕು. ಭುಜದೆತ್ತರದಿಂದ, ನೆಲಕ್ಕೆ ಸಮನಾಗಿ, ಓಡುವ ವೇಗದಲ್ಲಿ. ತೂಕದ ಕೇಂದ್ರವನ್ನು ರೆಕ್ಕೆಯ ಮುಂದಂಚಿನಿಂದ 55 ಮಿಲಿಮೀಟರಿಗೆ ಇಟ್ಟಿದ್ದೆ. ನೆಟ್ಟಗೆ ಹೋಗಿ ಕೂಳೆಯ ಮೇಲೆ ಕೂತಿತು. ನಂತರ ಸ್ವಲ್ಪ ಎತ್ತರ ಸಿಕ್ಕಾಗ ಮೂತಿ ತಗ್ಗಿಸಿ ವೇಗ ಬರಿಸಿ ರಿಮೋಟಿನ ಕಡ್ಡಿ ಬಿಟ್ಟು ನೋಡುವ ಪರೀಕ್ಷೆ: ಜೋರಾಗಿ ಮೂತಿ ಎತ್ತಿದರೆ ಕೇಂದ್ರ ತೀರಾ ಮುಂದಿದೆ, ಇನ್ನೂ ಕೆಳಕ್ಕೆ ಧುಮುಕಿದರೆ ತೀರಾ ಹಿಂದಿದೆ. ನನ್ನದು ಮೂತಿ ಎತ್ತುತ್ತಿತ್ತು. ಚೂರು ಚೂರು ಸೀಸ ತೆಗೆದು 60ಕ್ಕೆ ತಂದಾಗ ಹಿಡಿದ ದಿಕ್ಕನ್ನೇ ಹಿಡಿದು ಮೆಲ್ಲಗೆ ಏಳತೊಡಗಿತು. ಅಲ್ಲಿಗೆ ನಿಲ್ಲಿಸಿದೆ. ಕೇಂದ್ರ ಇಲ್ಲಿಗೆ ಬಂದ ಮೇಲೆ ವಿಮಾನದ ಸ್ವಭಾವವೇ ಬೇರೆಯಾಯಿತು: ಸಣ್ಣದೊಂದು ಗಾಳಿಯ ಗುಳ್ಳೆ ತಾಗಿದರೂ ಬಾಲ ಮೇಲೇಳುತ್ತದೆ, ಎಡಕ್ಕೆ ತಾಗಿದರೆ ಎಡ ರೆಕ್ಕೆ ಏಳುತ್ತದೆ. ಅಷ್ಟೆಲ್ಲ ಗ್ರಾಂ ಉಳಿಸಿದ್ದು ಈ ಒಂದು ಸೂಕ್ಷ್ಮಕ್ಕಾಗಿ.

ಡಿಸ್ಕಸ್ ಎಸೆತವನ್ನು ಅರ್ಧ ಸುತ್ತಿನಿಂದ ಶುರು ಮಾಡಿದೆ. ಬಲ ಮುಖ್ಯವಲ್ಲ, ಕೈ ಉದ್ದಕ್ಕೂ ಚಾಚಿರಬೇಕು, ಬಿಡುವಾಗ ಮೂತಿ ಮೇಲಕ್ಕಿರಬೇಕು. ಬೆರಳಿನಿಂದ ಗೂಟ ತಾನೇ ಜಾರಿಹೋಗಬೇಕು. ಬಿಟ್ಟ ಕೂಡಲೇ ಬಾಲ ಒಂದೆರಡು ಸಲ ಒದರಿಕೊಂಡು ಸರಿಹೋಗುತ್ತದೆ, ಸುಂಯ್ ಎಂಬ ಸದ್ದಿನೊಂದಿಗೆ ನೇರ ಮೇಲಕ್ಕೆ. ಪೂರ್ತಿ ಸುತ್ತು ಒಗ್ಗಿದ ಮೇಲೆ ಗದ್ದೆ ಬದುವಿನ ತೆಂಗಿನ ಮರಗಳ ಸುಳಿ ದಾಟಿ ಹೋಗತೊಡಗಿತು. ಏರಿಕೆ ನಿಲ್ಲುವ ಮುಂಚೆಯೇ ಮೂತಿ ತಗ್ಗಿಸಿ ಸಮಮಾಡಬೇಕು. ಆ ಕ್ಷಣ ತಪ್ಪಿದರೆ ಗಳಿಸಿದ ಎತ್ತರದಲ್ಲಿ ಕಾಲುಭಾಗ ಹೋಗುತ್ತದೆ. ಸ್ಥಿರ ಗಾಳಿಯಲ್ಲಿ ಸೆಕೆಂಡಿಗೆ ಅರ್ಧ ಮೀಟರಿನಂತೆ ಇಳಿಯುತ್ತದೆ. 20 ಮೀಟರಿನಿಂದ ನೆಲಕ್ಕೆ ಮುಕ್ಕಾಲು ನಿಮಿಷದೊಳಗೆ. ಅದಕ್ಕಿಂತ ಹೆಚ್ಚು ಹೊತ್ತು ಇರಬೇಕೆಂದರೆ ಗಾಳಿಯೇ ಎತ್ತಬೇಕು.

ಬಿಸಿಲೇರಿದ ಮೇಲೆ ಚಿಕ್ಕಪ್ಪ ಬಂದು ಬದುವಿನ ಮೇಲೆ ಕೂತರು. "ಏನ್ ಮಗ, ಮೋಟ್ರೇ ಇಲ್ವಲ್ಲ ಇದ್ಕೆ? ಎಂಗ್ ಮ್ಯಾಕ್ಕೋಯ್ತದೆ?" ನೆಲ ಕಾದು, ಅದರ ಮೇಲಿನ ಗಾಳಿ ಬಿಸಿಯಾಗಿ ಹಗುರಾಗಿ ಗುಳ್ಳೆಯಂತೆ ಕಿತ್ತುಕೊಂಡು ಮೇಲೇಳುತ್ತದೆ, ಅದು ಎದ್ದ ಜಾಗ ತುಂಬಲು ಸುತ್ತಲಿಂದ ತಂಪು ಗಾಳಿ ನುಗ್ಗುತ್ತದೆ ಎಂದು ನನಗೆ ತಿಳಿದಷ್ಟು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಂಗಾರೆ ತೂರೋ ಗಾಳಿ ಅನ್ನು" ಎಂದರು. ಮಿಷನ್ ಬರುವ ಮುಂಚೆ ಕಣದಲ್ಲಿ ರಾಗಿ, ಹುರುಳಿ ತೂರುತ್ತಿದ್ದವರು ಅವರು. ಮೊರ ಎತ್ತಿ ನಿಂತರೆ ಗಾಳಿ ನಿಂತುಬಿಡುತ್ತದೆ, ಮೈಗೆ ಧಗೆ ಹೊಡೆಯುತ್ತದೆ. ಕೊಂಚ ಕಾದರೆ ಒಂದು ಕಡೆಯಿಂದ ಸುಯ್ಯೆಂದು ಬರುತ್ತದೆ, ಮೊರ ತೂರುವಷ್ಟು ಹೊತ್ತು ಇದ್ದು ಮತ್ತೆ ನಿಲ್ಲುತ್ತದೆ. ಯಾವ ಹೊತ್ತಿನಲ್ಲಿ ಎಷ್ಟು ಕಾಯಬೇಕು, ಯಾವ ಕಡೆಯಿಂದ ಬರುತ್ತದೆ ಎಂಬುದು ಅವರಿಗೆ ಮೈಮೇಲೇ ಗೊತ್ತು. ನಾನು ಓದಿಕೊಂಡದ್ದೂ ಅದನ್ನೇ: ಗಾಳಿ ನಿಂತು ಸೆಕೆ ಹೆಚ್ಚಾಯಿತೆಂದರೆ ಬಿಸಿಗಾಳಿಯ ಗುಳ್ಳೆ ಸಿದ್ಧವಾಗುತ್ತಿದೆ, ಆಮೇಲೆ ಬೀಸುವ ಗಾಳಿ ಯಾವ ದಿಕ್ಕಿಗೆ ಹೋಗುತ್ತದೋ ಗುಳ್ಳೆ ಆ ದಿಕ್ಕಿನಲ್ಲಿದೆ.

"ನೀರ್ ಕಟ್ಟಿರೋ ಗದ್ದೆ ತಾವ ಹುಡುಕ್ಬ್ಯಾಡ" ಎಂದರು. ಅದೂ ಸರಿಯೇ. ನೀರಿರುವ ಗದ್ದೆಯಲ್ಲಿ ಬಿಸಿಲಿನ ಶಾಖವೆಲ್ಲ ನೀರನ್ನು ಆವಿ ಮಾಡಲು ಹೋಗುತ್ತದೆ, ಮೇಲಿನ ಗಾಳಿ ತಂಪಾಗಿಯೇ ಉಳಿಯುತ್ತದೆ. ಅವರು ಕೈ ತೋರಿಸಿದ್ದು ಉತ್ತು ಬಿಟ್ಟಿದ್ದ ಒಣ ಹೊಲವೂ ಹಸಿರು ಕಬ್ಬಿನ ತೋಟವೂ ಕೂಡುವ ಅಂಚಿಗೆ. ಬೇಸಿಗೆಯಲ್ಲಿ ಧೂಳಿನ ಸುಳಿಗಾಳಿ ಏಳುವುದು ಅಲ್ಲೇ ಅಂತೆ. ಆ ಆಚೆಗೆ ಒಂದು ಆಲೆಮನೆ. ಅದರ ಹೊಗೆ ಅಷ್ಟು ಹೊತ್ತೂ ಪೂರ್ವಕ್ಕೆ ವಾಲಿತ್ತು. ನೋಡುತ್ತಿದ್ದ ಹಾಗೆ ಎದ್ದು ನಿಂತಿತು, ಆಮೇಲೆ ನಿಧಾನಕ್ಕೆ ಆ ಅಂಚಿನ ಕಡೆಗೆ ಬಾಗಿತು. ಕೆನ್ನೆಯ ಮೇಲಿನ ಗಾಳಿಯೂ ಅತ್ತಲೇ. ಎಸೆದೆ.

ಅಂಚು ತಲುಪುವಷ್ಟರಲ್ಲಿ ಎತ್ತರ ತೆಂಗಿನ ಗರಿಯ ಸಮಕ್ಕೆ ಇಳಿದಿತ್ತು. ಆಗ ಬಾಲ ಎದ್ದಿತು, ಬಲ ರೆಕ್ಕೆ ತಾನೇ ತುಸು ಮೇಲಾಗಿ ವಿಮಾನ ಎಡಕ್ಕೆ ವಾಲತೊಡಗಿತು. ಗುಳ್ಳೆ ಬಲಗಡೆ ಇದೆ, ಅದು ರೆಕ್ಕೆಯನ್ನು ಹೊರಕ್ಕೆ ತಳ್ಳುತ್ತಿದೆ ಎಂದರ್ಥ. ವಿಮಾನ ಹೋಗುತ್ತೇನೆಂದ ಕಡೆ ಬಿಡದೆ ಬಲಕ್ಕೇ ತಿರುಗಿಸಿ ಸುತ್ತು ಹಾಕಿದೆ. ಮೊದಲ ಸುತ್ತಿನಲ್ಲಿ ಅರ್ಧ ಏರಿತು, ಅರ್ಧ ಇಳಿಯಿತು. ಏರಿದ ಕಡೆಗೆ ಸುತ್ತನ್ನು ಸರಿಸಿದೆ. ಎರಡು ಸುತ್ತಾದ ಮೇಲೆ ಎಲ್ಲ ಕಡೆಯೂ ಏರಿಕೆಯೇ. ಗುಳ್ಳೆ ಗಾಳಿಯ ಜೊತೆ ತೇಲಿಹೋಗುತ್ತಿರುತ್ತದೆ, ಸುತ್ತೂ ಅದರೊಂದಿಗೆ ತೇಲಬೇಕು. ನೆಲದ ಗುರುತು ನೋಡಿಕೊಂಡು ಒಂದೇ ಜಾಗದಲ್ಲಿ ಸುತ್ತಿದರೆ ಹೊರಗೆ ಬಿದ್ದುಬಿಡುತ್ತೇವೆ. "ಅಗೋ, ಅದೂ ಬತ್ತಾ ಅದೆ" ಎಂದರು ಚಿಕ್ಕಪ್ಪ. ಹದ್ದೊಂದು ರೆಕ್ಕೆ ಬಡಿಯದೆ ಬಂದು ಅದೇ ಸುತ್ತಿಗೆ, ಗ್ಲೈಡರಿಗಿಂತ ಕೆಳಗೆ ಸೇರಿಕೊಂಡಿತು. ನೋಡನೋಡುತ್ತಾ ನನ್ನ ವಿಮಾನವನ್ನು ದಾಟಿ ಮೇಲೆ ಹೋಯಿತು. ಅದು ನನಗಿಂತ ಒಳಗೆ, ಇಕ್ಕಟ್ಟಾಗಿ ಸುತ್ತುತ್ತಿತ್ತು. ನಾನೂ ಸುತ್ತನ್ನು ಕಿರಿದು ಮಾಡಿದೆ, ಏರುವ ವೇಗ ಹೆಚ್ಚಿತು. ಅಷ್ಟು ಸಂತೋಷ ನನಗೆ ಈಚಿನ ವರ್ಷಗಳಲ್ಲಿ ಬೇರೆ ಯಾವುದರಿಂದಲೂ ಆಗಿಲ್ಲ.

ಒಂದು ಮೀಟರಿನ ಗ್ಲೈಡರ್ ದೂರ ಹೋದಂತೆ ಅದರ ವಾಲುವಿಕೆ ಕಣ್ಣಿಗೆ ಕಾಣದಾಗುತ್ತದೆ. ಬರೀ ಒಂದು ಗೆರೆ. ರೆಕ್ಕೆಯ ಕೆಳಮೈಗೆ ಅಂಟಿಸಿದ್ದ ಕಪ್ಪು ಪಟ್ಟಿ ಆಗ ಉಪಯೋಗಕ್ಕೆ ಬಂತು. ಎತ್ತರದ ಮಿತಿಯೂ ನೆನಪಿತ್ತು. ಇಳಿಸಲು ಮೂತಿ ತಗ್ಗಿಸಿ ಧುಮುಕಿಸಬಾರದು, ವೇಗ ಹೆಚ್ಚಿ ಬಾಲ ಪಟಪಟ ಬಡಿದುಕೊಂಡು ಕಿತ್ತುಹೋಗಬಹುದು. ಗುಳ್ಳೆಯಿಂದ ನೇರ ಹೊರಬಂದರೆ ಸಾಕು. ಏರುವ ಗಾಳಿಯ ಸುತ್ತ ಇಳಿಯುವ ಗಾಳಿ ಇದ್ದೇ ಇರುತ್ತದೆ, ಅದೇ ಕೆಳಗಿಳಿಸುತ್ತದೆ. ಹಾಗೆಯೇ ಇಳಿಸಿ ಕೂಳೆಯ ಮೇಲೆ ಕೂರಿಸಿದೆ. ಚಿಕ್ಕಪ್ಪ ಅದನ್ನೆತ್ತಿ ಕೈಯಲ್ಲಿ ತೂಗಿ ನೋಡಿ, "ಒಂದ್ ಹಿಡಿ ಅವರೆಕಾಯ್ ತೂಕನೂ ಇಲ್ವಲ್ಲೋ" ಎಂದು ಗೂಟವನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು. ಮೆಲ್ಲಗೆ ಅರ್ಧ ಸುತ್ತು ಎಸೆಯುವುದನ್ನು ಅವರಿಗೂ ಹೇಳಿಕೊಟ್ಟೆ. ರಿಮೋಟ್ ನನ್ನ ಕೈಲಿತ್ತು.

ಆಷಾಢದ ಗಾಳಿಗೆ ಇದೇ ಗ್ಲೈಡರ್ ಸಾಲದು. ಗಾಳಿಪಟ ಹಾರಿಸುವ ಆ ಗಾಳಿಯಲ್ಲಿ ಇಷ್ಟು ಹಗುರಾದದ್ದು ಮುಂದೆ ಹೋಗಲಾರದೆ ಹಿಂದಕ್ಕೆ ತೇಲಿಬಿಡುತ್ತದೆ. ಅದಕ್ಕೆಂದು ರೆಕ್ಕೆಯ ಕೆಳಗೆ, ಸರಿಯಾಗಿ ತೂಕದ ಕೇಂದ್ರದಲ್ಲಿ, ಹಿತ್ತಾಳೆಯ ತುಂಡು ತೂರಿಸುವ ಒಂದು ಕೊಳವೆ ಕೂರಿಸುತ್ತಿದ್ದೇನೆ. 40 ಗ್ರಾಂ ಸೇರಿದರೆ ಹಾರುವ ವೇಗ ಸುಮಾರು ಹತ್ತನೇ ಒಂದು ಭಾಗ ಹೆಚ್ಚುತ್ತದೆ, ಜಾರುವ ಕೋನ ಕೆಡುವುದಿಲ್ಲ. ಪಡುವಣ ಗಾಳಿ ಕುಂತಿಬೆಟ್ಟದ ಬಂಡೆಗೆ ತಾಗಿ ಮೇಲಕ್ಕೆ ತಿರುಗುವ ಕಡೆ ಹಾರಿಸಬೇಕೆಂದಿದೆ. ಎರಡನೇ ಜೊತೆ ರೆಕ್ಕೆಗೆ ಅಚ್ಚು ಉಜ್ಜುವುದು, ತಂತಿ ಎಳೆಯುವುದು ಎಲ್ಲವನ್ನೂ ಅಕ್ಕನ ಮಗಳೇ ವಹಿಸಿಕೊಂಡಿದ್ದಾಳೆ. ಅವಳದು ಎಡಗೈ, ಗೂಟ ಬಲ ರೆಕ್ಕೆಯಲ್ಲಿ ಬರುತ್ತದೆ.